ಬೇಗಂ ಜಾನ್ಸನ್ ಮತ್ತು ಆಕೆಯ ತಾಯಿಯ ತವರು ಹೆಸರು

ಯಾವುದೇ ಧರ್ಮಕೇಂದ್ರದ ನೂರು ವರ್ಷಗಳ ಚರಿತ್ರೆಯನ್ನು ಬರೆಯಹೊರಟವರಿಗೆ ಮೊದಲ ಆಧಾರವೆಂದರೆ ಜ್ಞಾನಸ್ನಾನ, ವಿವಾಹ ಮತ್ತು ಮರಣಗಳ ದಾಖಲೆ ಪುಸ್ತಕಗಳು. ಗಂಡಸರ ವಂಶವನ್ನು ಹಿಡಿದು ಹಿಂದಕ್ಕೆ ಹೋಗುವುದು ಅವುಗಳಲ್ಲಿ ಸುಲಭ. ಹೆಂಗಸರದು ಹಾಗಲ್ಲ, ಮದುವೆಯ ದಿನ ಕುಲನಾಮ ಬದಲಾಯಿತೆಂದರೆ ದಾರಿ ಮಸುಕಾಯಿತು. ದೊಡ್ಡ ಮನೆತನಗಳೂ ಈ ತೊಡಕಿಗೆ ಹೊರತಲ್ಲ. ಇಂಗ್ಲೆಂಡಿನ ಪ್ರಧಾನಮಂತ್ರಿಯೊಬ್ಬರ ಮುತ್ತಜ್ಜಿಯ ಹೆಸರು ಹೀಗೆಯೇ ಮಸುಕಾದುದು. ಆಕೆ ನಮ್ಮ ನಾಡಿನ ಪೂರ್ವ ಕರಾವಳಿಯವಳಾಗಿದ್ದುದರಿಂದ ಆ ವೃತ್ತಾಂತವನ್ನು ಈ ಸಂಚಿಕೆಯಲ್ಲಿ ಹೇಳುವುದು ಉಚಿತವೆಂದು ಭಾವಿಸುತ್ತೇನೆ.

ಕಲ್ಕತ್ತೆಯ ಸಂತ ಜಾನ್ ದೇವಾಲಯದ ಅಂಗಳದಲ್ಲಿ ಫ್ರಾನ್ಸಿಸ್ ಜಾನ್ಸನ್ ಎಂಬ ವೃದ್ಧೆಯ ಸಮಾಧಿಯಿದೆ. ಬೇಗಂ ಜಾನ್ಸನ್ ಎಂದೇ ಆಕೆ ಪ್ರಸಿದ್ಧಳು. ಸಮಾಧಿಯ ಶಿಲೆಯ ಮೇಲೆ ಆಕೆಯ ಜೀವನವೆಲ್ಲ ಕೊರೆಯಲ್ಪಟ್ಟಿದೆ. ಆಕೆ ಕೋರಮಂಡಲ ತೀರದ ಸೇಂಟ್ ಡೇವಿಡ್ ಕೋಟೆಯ ಗವರ್ನರನಾಗಿದ್ದ ಎಡ್ವರ್ಡ್ ಕ್ರೂಕ್‌ನ ಎರಡನೆಯ ಮಗಳು. 1725ರಲ್ಲಿ ಜನನ, 1738ರಲ್ಲಿ ಮೊದಲ ವಿವಾಹ. ಶಿಲಾಲೇಖವೆಂದಮಾತ್ರಕ್ಕೆ ಎಲ್ಲವೂ ನಿಜವೆಂದು ತಿಳಿಯಬೇಕಾಗಿಲ್ಲ. ಮೊದಲ ಗಂಡ ಟೆಂಪ್ಲರ್ ಆಗಿನ ಗವರ್ನರ್ ಬ್ರಾಡಿಲ್‌ನ ಸೋದರಳಿಯನೆಂದು ಕಲ್ಲು ಹೇಳುತ್ತದೆ. ಬ್ರಾಡಿಲ್ ಆ ಪದವಿಗೆ ಬಂದುದೇ 1739ರಲ್ಲಿ. ಈ ಕಾರಣದಿಂದ ಆಕೆಯ ಜನನವನ್ನು 1728ಕ್ಕೂ, ಮದುವೆಯನ್ನು 1744ಕ್ಕೂ ಇರಿಸುವ ಗ್ರಂಥಕರ್ತರ ಮಾತೇ ನನಗೆ ಸಮಂಜಸವಾಗಿ ತೋರುತ್ತದೆ. ತಂದೆಯ ಹೆಸರನ್ನಾದರೂ ಒಬ್ಬರು ಕ್ರೂಕ್ ಎಂದರೆ ಇನ್ನೊಬ್ಬರು ಕ್ರೋಕ್ ಎನ್ನುತ್ತಾರೆ. ನಾಲ್ವರು ಗಂಡಂದಿರು, ಮಕ್ಕಳು, ಅಳಿಯಂದಿರು, ಮೊಮ್ಮಗ, ಎಲ್ಲರೂ ಆ ಕಲ್ಲಿನಲ್ಲಿದ್ದಾರೆ. ಹೆತ್ತ ತಾಯಿ ಮಾತ್ರ ಇಲ್ಲ.

ಫ್ರಾನ್ಸಿಸಳ ಬದುಕು ಸುಖದುಃಖಗಳ ವಿಚಿತ್ರ ಸಮ್ಮಿಶ್ರಣ. ಟೆಂಪ್ಲರನೂ ಅವನಿಂದಾದ ಎರಡು ಶಿಶುಗಳೂ ತೀರಿಹೋದರು. ಎರಡನೆಯ ಗಂಡ ಆಲ್ಥಮ್ ಮದುವೆಯಾದ ಕೆಲವೇ ದಿನಗಳಲ್ಲಿ ಸಿಡುಬಿಗೆ ಬಲಿಯಾದನು. 1749ರಲ್ಲಿ ಕಂಪೆನಿಯ ಅಧಿಕಾರಿ ವಿಲಿಯಂ ವಾಟ್ಸ್‌ನನ್ನು ವರಿಸಿದಳು. 1756ರ ಜೂನ್ ತಿಂಗಳಲ್ಲಿ ನವಾಬ ಸಿರಾಜುದ್ದೌಲನು ಕಾಸಿಂಬಜಾರಿನ ಕೋಠಿಯನ್ನು ವಶಪಡಿಸಿಕೊಂಡಾಗ ವಾಟ್ಸ್ ಸೆರೆಯಾದನು. ಆಕೆಗೂ ಮಕ್ಕಳಿಗೂ ಆಶ್ರಯವಿತ್ತು ಫ್ರೆಂಚರ ಚಂದ್ರನಗರಕ್ಕೆ ಕ್ಷೇಮವಾಗಿ ಕಳುಹಿಸಿದವಳು ನವಾಬನ ಮನೆಯ ಹಿರಿಯ ಬೇಗಂ. ಶತ್ರುವಿನ ಅಂತಃಪುರದಲ್ಲಿ ದೊರೆತ ಆ ಕರುಣೆಯನ್ನು ಆಕೆ ಮುಪ್ಪಿನವರೆಗೂ ಬಣ್ಣಿಸುತ್ತಿದ್ದುದರಿಂದಲೇ ಬೇಗಂ ಎಂಬ ಹೆಸರು ಅಂಟಿಕೊಂಡಿತು.

ಪ್ಲಾಸಿಯ ತರುವಾಯ ಕುಟುಂಬ ಇಂಗ್ಲೆಂಡಿಗೆ ಹೋಯಿತು. 1764ರಲ್ಲಿ ವಾಟ್ಸ್ ತೀರಿಕೊಂಡನು. ಮಗಳು ಅಮೇಲಿಯಾ ಚಾರ್ಲ್ಸ್ ಜೆಂಕಿನ್‌ಸನ್‌ನ ಕೈಹಿಡಿದಳು. ಫ್ರಾನ್ಸಿಸ್ 1769ರಲ್ಲಿ ಕಲ್ಕತ್ತೆಗೆ ಮರಳಿದಳು. 1770ರ ಜೂನ್ 7ರಂದು ಅಮೇಲಿಯಾ ಒಂದು ಗಂಡುಮಗುವನ್ನು ಹೆತ್ತು, ಮರುತಿಂಗಳೇ ಕಣ್ಣುಮುಚ್ಚಿದಳು. ಆ ಮಗುವೇ ಮುಂದೆ ಲಾರ್ಡ್ ಲಿವರ್‌ಪೂಲ್. 1774ರಲ್ಲಿ ಫ್ರಾನ್ಸಿಸ್ ಆಂಗ್ಲಿಕನ್ ಪಾದ್ರಿ ವಿಲಿಯಂ ಜಾನ್ಸನ್ ಎಂಬಾತನನ್ನು ಮದುವೆಯಾದಳು. ಸಂತ ಜಾನ್ ದೇವಾಲಯದ ನಿರ್ಮಾಣಕ್ಕೆ ದುಡಿದವನು ಈತನೇ. 1788ರಲ್ಲಿ ವರ್ಷಾಶನವೊಂದನ್ನು ಗೊತ್ತುಮಾಡಿ ಆಕೆಯೇ ಅವನನ್ನು ಇಂಗ್ಲೆಂಡಿಗೆ ಸಾಗಹಾಕಿದಳು. ಅವನು ಹೋದ ಮೇಲೆ ಇಸ್ಪೀಟಿನ ಮೇಜಿನ ಸುತ್ತ ಊರಿನ ಗಣ್ಯರನ್ನೆಲ್ಲ ಕೂಡಿಸಿಕೊಂಡು ನೆಮ್ಮದಿಯಾಗಿ ಬಾಳಿದಳು. ಆಕೆ ತೀರಿಕೊಂಡದ್ದು 1812ರ ಫೆಬ್ರವರಿ 3ರಂದು. ಅದೇ ವರ್ಷದ ಜೂನಿನಲ್ಲಿ ಮೊಮ್ಮಗ ಪ್ರಧಾನಮಂತ್ರಿಯಾದನು.

ಇನ್ನು ತಾಯಿಯ ವಿಷಯ. ವಂಶಾವಳಿಗಳನ್ನು ಶೋಧಿಸಿದವರು ಆಕೆಯನ್ನು ಇಸಬೆಲ್ಲಾ ಬೆಯ್‌ಜೋರ್ ಎಂದು ಗುರುತಿಸಿ, ಪೋರ್ಚುಗೀಸ್ ಮತ್ತು ಭಾರತೀಯ ಮಿಶ್ರಮೂಲದವಳೆಂದು ಬರೆದಿದ್ದಾರೆ. ಇಸಬೆಲ್ಲಾ ನಮಗೆ ಅಪರಿಚಿತ ಹೆಸರಲ್ಲ. ಬೆಯ್‌ಜೋರ್ ಎಂಬುದು ಹಾಗಲ್ಲ. ಡಿಸೋಜ, ಪಿಂಟೊ, ಲೋಬೊಗಳ ಸಾಲಿನಲ್ಲಿ ಅದು ಹೊಂದಿಕೊಳ್ಳುವುದಿಲ್ಲ. ಇಂಗ್ಲಿಷ್ ಗುಮಾಸ್ತನೊಬ್ಬನು ಕಿವಿಗೆ ಬಿದ್ದಂತೆ ಬರೆದುಕೊಂಡ ರೂಪವಿದೆಂದು ನನ್ನ ಊಹೆ. ಹೆಸರು ಶುದ್ಧವಾಗಿದ್ದರೂ ಅದು ರಕ್ತಕ್ಕೆ ಸಾಕ್ಷಿಯಲ್ಲ. ಜ್ಞಾನಸ್ನಾನ ಕೊಟ್ಟ ಗುರುವಿನದೋ ಜ್ಞಾನತಂದೆಯದೋ ಕುಲನಾಮವನ್ನು ಪಡೆದ ಮನೆಗಳು ನಮ್ಮ ಕೆನರಾ, ಗೋವೆಗಳಲ್ಲಿ ಎಷ್ಟಿಲ್ಲ!

ಕಥೋಲಿಕ ಧರ್ಮಸಭೆಯಲ್ಲಿ 1563ರ ಟ್ರೆಂಟ್ ಮಹಾಸಭೆಯ ವಿಧಿಯಿಂದಲೂ 1614ರ ರೋಮನ್ ವಿಧಿಗ್ರಂಥದಿಂದಲೂ ದಾಖಲೆ ಪುಸ್ತಕಗಳ ಕ್ರಮ ನೆಲೆಗೊಂಡಿತು. ತಂದೆತಾಯಂದಿರ ಮತ್ತು ಜ್ಞಾನಪೋಷಕರ ಹೆಸರುಗಳನ್ನು ಬರೆಯಲೇಬೇಕು. ಮದರಾಸಿನಲ್ಲಿ 1642ರಿಂದ ಕಪುಚಿನ್ ಗುರುಗಳು ಈ ಸೇವೆಯನ್ನು ನಡೆಸಿದರು. ಆದರೆ 1749ರಲ್ಲಿ ಫ್ರೆಂಚರು ಊರನ್ನು ಹಿಂದಿರುಗಿಸಿದ ಮೇಲೆ, ಕಥೋಲಿಕರು ಶತ್ರುಪಕ್ಷಪಾತಿಗಳೆಂಬ ಸಂಶಯದಿಂದ ಕಂಪೆನಿಯವರು ಅವರ ಮನೆಗಳನ್ನು ಮುಟ್ಟುಗೋಲು ಹಾಕಿಕೊಂಡು ಕೋಟೆಯೊಳಗಿನ ಅವರ ದೇವಾಲಯವನ್ನು ಕೆಡವಿದರು. ಸೇಂಟ್ ಡೇವಿಡ್ ಕೋಟೆಯನ್ನು 1758ರಲ್ಲಿ ಫ್ರೆಂಚರು ಗೆದ್ದು ಪಾಳುಗೆಡವಿದರು. ಯುದ್ಧಗಳ ನಡುವೆ ಕಾಗದದ ಬಾಳು ಅಷ್ಟೇ. 1784ರ ಸೆರೆವಾಸದ ಹಿಂದಣ ದಾಖಲೆಗಳಿಗಾಗಿ ಹುಡುಕಾಡಿದ ಮಂಗಳೂರು ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹೆಸರು ಮಸುಕಾಗಲು ಮತ್ತೊಂದು ಕಾರಣವನ್ನೂ ಕಾಣಬಹುದು. 1687ರಲ್ಲಿ ಇದೇ ಕಂಪೆನಿಯ ನಿರ್ದೇಶಕರು ತಮ್ಮ ಸಿಪಾಯಿಗಳು ಈ ದೇಶದ ಹೆಂಗಸರನ್ನು ಮದುವೆಯಾಗಲೆಂದು ಪ್ರೋತ್ಸಾಹಿಸಿ, ಹುಟ್ಟಿದ ಮಗುವಿಗೊಂದು ಪಗೋಡದಂತೆ ತಾಯಿಗೆ ಕೊಡಲೊಪ್ಪಿದ್ದರು. 1791ರಲ್ಲಿ ಅವರ ಉತ್ತರಾಧಿಕಾರಿಗಳೇ, ತಂದೆತಾಯಿಗಳಲ್ಲಿ ಒಬ್ಬರು ಭಾರತೀಯರಾಗಿದ್ದವರಿಗೆ ಕಂಪೆನಿಯ ಹಿರಿಯ ಉದ್ಯೋಗಗಳ ಬಾಗಿಲು ಮುಚ್ಚಿದರು. ಅಂಥ ಕಾಲದಲ್ಲಿ, ಇಂಗ್ಲೆಂಡಿನ ಅರ್ಲ್ ಪದವಿಯವರ ಅಜ್ಜಿಯ ಗೋರಿಯ ಮೇಲೆ ಇಸಬೆಲ್ಲಾಳ ಹೆಸರನ್ನು ಕೊರೆಸುವ ಧೈರ್ಯ ಯಾರಿಗಿದ್ದೀತು?

ಲಾರ್ಡ್ ಲಿವರ್‌ಪೂಲ್ ಸುಮಾರು 15 ವರ್ಷ ಪ್ರಧಾನಮಂತ್ರಿಯಾಗಿದ್ದನು. ಕಥೋಲಿಕರಿಗೆ ಪಾರ್ಲಿಮೆಂಟಿನಲ್ಲಿ ಕುಳಿತುಕೊಳ್ಳುವ ಹಕ್ಕು ಕೊಡಬೇಕೆಂಬ ಬೇಡಿಕೆಯನ್ನು ಕೊನೆಯವರೆಗೂ ವಿರೋಧಿಸಿದವರಲ್ಲಿ ಆತನೂ ಒಬ್ಬ. ಕೋರಮಂಡಲದ ಪೋರ್ಚುಗೀಸ್ ಮನೆತನಗಳೆಂದರೆ ಸಾಮಾನ್ಯವಾಗಿ ಕಥೋಲಿಕ ಮನೆತನಗಳೇ ಎಂಬುದನ್ನು ಬಲ್ಲ ನಮಗೆ ಇದು ಸೋಜಿಗವೆನಿಸಿದರೆ ತಪ್ಪಲ್ಲ. ಆತನು 1828ರ ಡಿಸೆಂಬರ್ 4ರಂದು ನಿಧನನಾದನು. ಆ ಹಕ್ಕು ಕಥೋಲಿಕರಿಗೆ ದೊರೆತದ್ದು 1829ರ ಏಪ್ರಿಲಿನಲ್ಲಿ.