ಸೋತ ದುರ್ಗವನ್ನು ಮತ್ತೆ ಕಟ್ಟಿದ ತರಾಸು

1779ರಲ್ಲಿ ಚಿತ್ರದುರ್ಗದ ಕೋಟೆ ಹೈದರಾಲಿಯ ವಶವಾಯಿತು, ಕೊನೆಯ ಪಾಳೆಯಗಾರ ಮದಕರಿನಾಯಕ ಸೆರೆಯಾದ. ಇತಿಹಾಸದ ಪುಸ್ತಕಕ್ಕೆ ಇಷ್ಟು ಸಾಕು, ಪರೀಕ್ಷೆಯಲ್ಲಿ ಬರೆದರೆ ಅಂಕವೂ ಬರುತ್ತದೆ. ಆದರೆ ಸೋಲು ಖಚಿತವೆಂದು ಗೊತ್ತಾದ ಆ ಹೊತ್ತಿನಲ್ಲಿ ನಾಯಕನ ಮನಸ್ಸಿನಲ್ಲಿ ಏನಿತ್ತು? ಅದಕ್ಕೆ ಯಾವ ಶಾಸನವೂ ಉತ್ತರ ಹೇಳುವುದಿಲ್ಲ. ಅಲ್ಲಿಂದ ಮುಂದಿನದನ್ನು ಹೇಳಿದವರು ತ.ರಾ. ಸುಬ್ಬರಾವ್, ಎಲ್ಲರ ಬಾಯಲ್ಲಿ ತರಾಸು.

ಅವರು ಹುಟ್ಟಿದ್ದು 1920ರಲ್ಲಿ, ಮಲೇಬೆನ್ನೂರಿನಲ್ಲಿ. ಮನೆತನದ ಊರು ಚಳ್ಳಕೆರೆ ತಾಲ್ಲೂಕಿನ ತಳುಕು. ಕುವೆಂಪು ಅವರ ಗುರುಗಳಾದ ಟಿ.ಎಸ್. ವೆಂಕಣ್ಣಯ್ಯನವರು ಇವರ ದೊಡ್ಡಪ್ಪ. ಸ್ವಾತಂತ್ರ್ಯ ಚಳವಳಿಗೆ ಧುಮುಕಿ ಜೈಲು ಕಂಡರು, ಪತ್ರಿಕೆಗಳಲ್ಲಿ ದುಡಿದರು, ಕೊನೆಗೆ ಬರವಣಿಗೆಯನ್ನೇ ನಂಬಿ ಬದುಕಿದರು. ಆ ಕಾಲದಲ್ಲಿ ಅದು ಸಣ್ಣ ಧೈರ್ಯವೇನಲ್ಲ.

ಸಾಮಾಜಿಕ ಕಾದಂಬರಿಗಳನ್ನೂ ಬಹಳ ಬರೆದರು. ‘ನಾಗರಹಾವು’ ಸಿನಿಮಾದ ರಾಮಾಚಾರಿ ಯಾರಿಗೆ ಗೊತ್ತಿಲ್ಲ! ಆದರೂ ಅವರ ಮನಸ್ಸು ಮತ್ತೆ ಮತ್ತೆ ಕೋಟೆಯ ಬಂಡೆಗಳತ್ತಲೇ ಹೊರಳುತ್ತಿತ್ತು. ದಳವಾಯಿ ಮುದ್ದಣ್ಣನ ದರ್ಪದ ದಿನಗಳನ್ನು ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ಗಳಲ್ಲಿ ಹೇಳಿದರು. ಜನ ಹೇಳಿಕೊಂಡು ಬಂದಿದ್ದ ಒಬ್ಬ ಸಂಗೀತಗಾರನ ಕಥೆ ಅವರ ಕೈಯಲ್ಲಿ ‘ಹಂಸಗೀತೆ’ಯಾಯಿತು.

ಎಲ್ಲಕ್ಕೂ ದೊಡ್ಡದು ‘ದುರ್ಗಾಸ್ತಮಾನ’. 1754ರಲ್ಲಿ ಇನ್ನೂ ಹುಡುಗನಾಗಿದ್ದಾಗಲೇ ಪಟ್ಟಕ್ಕೆ ಬಂದವನು ಮದಕರಿ. ಒಂದು ಕಾಲದಲ್ಲಿ ಹೈದರಾಲಿಗೆ ಯುದ್ಧದಲ್ಲಿ ನೆರವಾದವನೂ ಹೌದು. ಅದೇ ಹೈದರಾಲಿ ಮುತ್ತಿಗೆ ಹಾಕಿದ. ಕೊನೆ ಏನೆಂದು ಹೆಸರಿನಲ್ಲೇ ಇದೆ. ಆದರೂ ಓದುವಾಗ, ಈ ಸಲ ಕೋಟೆ ಉಳಿದೀತು ಎಂದು ಆಸೆಯಾಗುತ್ತದೆ. ಯಾವ ಪಠ್ಯಪುಸ್ತಕವೂ ನನಗೆ ಹೀಗೆ ಮಾಡಿದ್ದಿಲ್ಲ.

ಇದರಲ್ಲಿ ಒಂದು ತೊಡಕೂ ಇದೆ. ಮದಕರಿ ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವವನು ದಾಖಲೆಯ ಮದಕರಿಯೋ, ತರಾಸು ಅವರ ಮದಕರಿಯೋ? ಅಕ್ಕ-ತಂಗಿ ಹೊಂಡದ ಬಳಿ ನಿಂತಾಗ ನೆನಪಾಗುವ ರಾಣಿಯರು ಇತಿಹಾಸದವರೋ, ಕಾದಂಬರಿಯವರೋ? ಸಂಶೋಧಕರು ಇವೆರಡನ್ನು ಬೇರೆ ಮಾಡಲೇಬೇಕು. ಆದರೆ ಆ ಹೊಂಡದ ಮುಂದೆ ಒಂದು ಗಳಿಗೆ ಸುಮ್ಮನೆ ನಿಲ್ಲುವಂತೆ ಮಾಡಿದ್ದು ಕಾದಂಬರಿಯೇ. ಗೆದ್ದವರ ಕಥೆ ಹೇಗೂ ಉಳಿಯುತ್ತದೆ. ಸೋತವನಿಗೆ ಮಾತು ಕೊಡಲು ಯಾರಾದರೂ ಕಲ್ಪಿಸಿಕೊಳ್ಳಬೇಕಾಗುತ್ತದೆ.

‘ದುರ್ಗಾಸ್ತಮಾನ’ಕ್ಕೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದರ ಹಿಂದಿನ ವರ್ಷವೇ ತರಾಸು ತೀರಿಕೊಂಡಿದ್ದರು.