ಕಾಗದ ಸುತ್ತಿ ಎದೆಬಡಿತ ಕೇಳಿದ ಡಾಕ್ಟರ್ ರೆನೆ ಲೆನೆಕ್

ಹನೂರು: ಗರ್ಭಿಣಿಯರ ಹೊಟ್ಟೆ ಮೇಲೆ ಪುಟ್ಟ ಕೊಳವೆ ಇಟ್ಟು ಮಗುವಿನ ಎದೆಬಡಿತ ಎಣಿಸೋದನ್ನ ಹಳ್ಳಿಗಳಲ್ಲಿ ಬಹಳ ಜನ ನೋಡಿರುತ್ತಾರೆ. ದೊಡ್ಡಾಸ್ಪತ್ರೆಗೆ ಹೋಗಬೇಕಂದ್ರೆ ಮಹದೇಶ್ವರ ಬೆಟ್ಟ ಹತ್ತಿ ಇಳಿಯಬೇಕಾದ ಪಾಲಾರ್‌ನಂಥ ಗಡಿ ಊರಿಗೆ ಇದು ಸಣ್ಣ ಪರೀಕ್ಷೆಯೇನಲ್ಲ. ಇದಕ್ಕೆ ದಾರಿ ಮಾಡಿಕೊಟ್ಟವರು ಫ್ರಾನ್ಸಿನ ವೈದ್ಯ ರೆನೆ ಲೆನೆಕ್.

ಅವರು ಹುಟ್ಟಿದ್ದು 1781ರ ಫೆಬ್ರವರಿ 17ರಂದು, ಕೆಂಪೆರ್ ಎಂಬ ಊರಲ್ಲಿ. ಐದು ವರ್ಷದ ಹುಡುಗ ಇದ್ದಾಗಲೇ ತಾಯಿ ತೀರಿಕೊಂಡರು. ನಾಂತ್ ನಗರದಲ್ಲಿ ಡಾಕ್ಟರಾಗಿದ್ದ ಚಿಕ್ಕಪ್ಪ ಸಾಕಿ, ವೈದ್ಯವಿದ್ಯೆಯ ರುಚಿ ಹತ್ತಿಸಿದರು. 1801ರಲ್ಲಿ ಓದಿಗೆಂದು ಪ್ಯಾರಿಸ್ ಸೇರಿದರು.

1816ರಲ್ಲಿ ನೆಕ್ಕರ್ ಆಸ್ಪತ್ರೆಗೆ ವೈದ್ಯರಾದರು. ಅದೇ ವರ್ಷ ಹೃದಯದ ತೊಂದರೆ ಇದ್ದ ಒಬ್ಬ ಯುವತಿ ಚಿಕಿತ್ಸೆಗೆ ಬಂದಳು. ಮೈ ದಪ್ಪ ಇದ್ದುದರಿಂದ ಬೆರಳಲ್ಲಿ ತಟ್ಟಿ ನೋಡಿದರೂ ಏನೂ ತಿಳಿಯಲಿಲ್ಲ. ಹೆಣ್ಣುಮಗಳ ಎದೆಗೆ ಕಿವಿ ಇಡೋದು ಸರಿಯಲ್ಲ ಅನ್ನಿಸಿತು. ಮರದ ಒಂದು ತುದಿ ಕೆರೆದರೆ ಸದ್ದು ಇನ್ನೊಂದು ತುದಿಗೆ ಕೇಳೋದು ನೆನಪಾಗಿ, ಕಾಗದ ಸುತ್ತಿ ಕೊಳವೆ ಮಾಡಿ ಎದೆಗಿಟ್ಟರು. ಬರೀ ಕಿವಿಗಿಂತ ಚೆನ್ನಾಗಿ ಕೇಳಿಸಿತು. ಆಮೇಲೆ ಕೊಳವೆಯನ್ನ ಮರದಲ್ಲಿ ಕಡೆದರು. 1819ರಲ್ಲಿ ಪುಸ್ತಕ ಬಂತು. ಅದೇ ಸ್ಟೆತಸ್ಕೋಪ್.

ಎರಡು ವರ್ಷಕ್ಕೆ ಅವರ ಸ್ನೇಹಿತ ಕೆರ್ಗಾರಡೆಕ್ ಈ ಕೊಳವೆಯನ್ನ ತುಂಬು ಗರ್ಭಿಣಿಯ ಹೊಟ್ಟೆ ಮೇಲಿಟ್ಟು ನೋಡಿದರು. ಮಗು ಸುತ್ತಲಿನ ನೀರಿನ ಸದ್ದು ಹುಡುಕಲು ಹೋದವರಿಗೆ ಮಗುವಿನ ಎದೆಬಡಿತವೇ ಕೇಳಿಸಿತು.

ಲೆನೆಕ್ ಮದುವೆಯಾದದ್ದು 1824ರಲ್ಲಿ. ಹೆಂಡತಿ ಬಸುರಾದರೂ ಗರ್ಭ ನಿಲ್ಲಲಿಲ್ಲ. ಅಷ್ಟರಲ್ಲಿ ಅವರಿಗೇ ಕ್ಷಯ ಜೋರಾಗಿತ್ತು. ಬಂಧು ಮೆರಿಯಾಡೆಕ್ ಕೊಳವೆ ಇಟ್ಟು ಕೇಳಿದ ಸದ್ದು ಹೇಳಿದಾಗ, ಅದೇನು ಅಂತ ಲೆನೆಕ್‌ಗೆ ಬೇರೆಯವರು ಹೇಳಬೇಕಾಗಿರಲಿಲ್ಲ. 1826ರ ಆಗಸ್ಟ್ 13ರಂದು, 45ನೇ ವಯಸ್ಸಿಗೆ ತೀರಿಕೊಂಡರು. ಕೊಳವೆಯನ್ನ ಮೆರಿಯಾಡೆಕ್‌ಗೇ ಬಿಟ್ಟುಹೋದರು.

ಹೊಟ್ಟೆಯೊಳಗಿನ ಮಗುವಿನ ಬಡಿತ ಯಾಕೆ ನಿಧಾನವಾಗುತ್ತೆ ಅನ್ನೋದರ ಒಂದು ಕಾರಣ ಗೊತ್ತಾಗಿದ್ದು ಅವರ ಕಾಲಕ್ಕೆ ಬಹಳ ವರ್ಷಗಳ ನಂತರ. ಲೂಪಸ್, ಶೋಗ್ರೆನ್‌ನಂಥ ಕಾಯಿಲೆಯಲ್ಲಿ ರೋಗದ ವಿರುದ್ಧ ಹೋರಾಡಬೇಕಾದ ಶಕ್ತಿ ಸ್ವಂತ ಮೈಮೇಲೆ ತಿರುಗಿ ಬೀಳುತ್ತೆ. ಕೆಲವು ತಾಯಂದಿರ ರಕ್ತದಲ್ಲಿರುವ ಆ್ಯಂಟಿ-ರೋ ಎಂಬ ಪ್ರತಿಕಾಯ ಮಗುವಿಗೆ ದಾಟಿ, ಹೃದಯದ ಬಡಿತ ನಡೆಸುವ ದಾರಿಯನ್ನೇ ಕೆಡಿಸಬಹುದು. ಇಂಥ ತಾಯಂದಿರಲ್ಲಿ ನೂರಕ್ಕೆ ಒಂದೆರಡು ಮಕ್ಕಳಿಗೆ ಹೀಗಾಗುತ್ತೆ, ಹೆಚ್ಚಾಗಿ 18ರಿಂದ 24ನೇ ವಾರದೊಳಗೆ. ನಿಮಿಷಕ್ಕೆ 110ರಿಂದ 160 ಇರಬೇಕಾದ ಬಡಿತ 50–70ಕ್ಕೆ ಇಳಿಯಬಹುದು. ಪೂರ್ತಿ ಕೆಟ್ಟ ದಾರಿ ಸಾಮಾನ್ಯವಾಗಿ ಸರಿಹೋಗಲ್ಲ. ಆದರೆ ಮುಂಚೆಯೇ ತಿಳಿದರೆ ಪೇಸ್‌ಮೇಕರ್ ಹಾಕುವ ಆಸ್ಪತ್ರೆಯಲ್ಲೇ ಹೆರಿಗೆ ಮಾಡಿಸಬಹುದು.

ಕೀಲುನೋವು, ಮುಖದಲ್ಲಿ ಕೆಂಪು ದದ್ದು, ಕಣ್ಣು–ಬಾಯಿ ಒಣಗೋದು ಬಹಳ ದಿನದಿಂದ ಇದ್ದರೆ, ತಾಯಿಗೇ ಎದೆ ಡವಡವ ಅಂದರೆ, ತಪಾಸಣೆಯಲ್ಲಿ ಬಾಯಿಬಿಟ್ಟು ಹೇಳಬೇಕು. ಮಗುವಿನ ಬಡಿತ ಎಷ್ಟಿದೆ ಅಂತ ಕೇಳಿ, ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಬೇಕು. 110ಕ್ಕಿಂತ ಕಡಿಮೆ ಬಂದರೆ ಮುಂದಿನ ತಪಾಸಣೆವರೆಗೆ ಕಾಯದೆ ಅಂದೇ ದೊಡ್ಡಾಸ್ಪತ್ರೆಗೆ ಹೊರಡಬೇಕು.