ಅಡಿಕೆಗೆ ಮದ್ದು ಹೊಂದಿಸಿದ ಡಾ. ಕೋಲ್ಮನ್

ಮಳೆಗಾಲ ಸಮೀಪಿಸಿತೆಂದರೆ ನಮ್ಮ ಕಾಸರಗೋಡು ಸೀಮೆಯ ಅಡಿಕೆ ತೋಟಗಳಲ್ಲಿ ಮೈಲುತುತ್ತ ನೆನೆಹಾಕಿ, ಸುಣ್ಣ ಕದಡಿ, ಮದ್ದು ಬಿಡುವ ಗಡಿಬಿಡಿ ಮೊದಲಾಗುವುದು ವಾಚಕರಿಗೆ ಹೊಸತಲ್ಲ. ಈ ಮದ್ದನ್ನು ಅಡಿಕೆಗೆ ಹೊಂದಿಸಿಕೊಟ್ಟ ಮಹನೀಯರನ್ನು ಬಲ್ಲವರು ಮಾತ್ರ ವಿರಳ.

ಲೆಸ್ಲಿ ಕೋಲ್ಮನ್ನರು 1878ರಲ್ಲಿ ಕೆನಡಾ ದೇಶದ ಒಂಟಾರಿಯೋ ಪ್ರಾಂತದಲ್ಲಿ ಜನಿಸಿದರು. ಟೊರಾಂಟೋದಲ್ಲಿಯೂ ಜರ್ಮನಿಯ ಗಟ್ಟಿಂಗೆನ್ನಿನಲ್ಲಿಯೂ ವ್ಯಾಸಂಗ ಮಾಡಿ, 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಬೆಳೆಗಳ ರೋಗ ಮತ್ತು ಕೀಟಬಾಧೆಗಳ ಪರಿಶೀಲನೆ ಅವರ ಪಾಲಿನ ಕೆಲಸವಾಯಿತು.

ಮಲೆನಾಡಿನ ಬೆಳೆಗಾರನಿಗೆ ಆಗ ಕೊಳೆರೋಗವೇ ದೊಡ್ಡ ಭಯ. ಮಲೆಯಾಳದಲ್ಲಿ ಮಹಾಳಿ ಎನ್ನುವುದೂ ಇದನ್ನೇ. ಜಡಿಮಳೆ ಹಿಡಿದೊಡನೆ ಕಾಯಿಗಳ ಮೇಲೆ ನೀರುಗಲೆ ಮೂಡಿ, ಬಿಳಿಯ ಬೂಷ್ಟು ಹಬ್ಬಿ, ಗೊನೆಯೇ ಉದುರಿ ವರುಷದ ಅನ್ನ ಮಣ್ಣುಪಾಲಾಗುತ್ತಿತ್ತು. ಗೊನೆಗೊನೆಗೂ ಕೊಟ್ಟೆ ಕಟ್ಟಿ ಮಳೆಯನ್ನು ತಡೆಯುವುದು ಹಿಂದಿನಿಂದ ಬಂದ ಉಪಾಯ. ಅದನ್ನು ಹಳೆಯದೆಂದು ನಗುವಂತಿಲ್ಲ. ಒದ್ದೆಗೂ ರೋಗಕ್ಕೂ ಇರುವ ನಂಟನ್ನು ಹಿರಿಯರು ಸರಿಯಾಗಿಯೇ ಗುರುತಿಸಿದ್ದರು. ಈ ರೋಗವನ್ನು ತರುವುದು ಫೈಟೊಫ್ಥೊರಾ ಕುಲದ ಶಿಲೀಂಧ್ರವೆಂದು ಕೋಲ್ಮನ್ನರು 1910ರಲ್ಲಿ ವಿವರಿಸಿದರು.

ಮದ್ದು ಅವರ ಸೃಷ್ಟಿಯಲ್ಲ. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿಗೆಂದು ಮಿಲಾರ್ಡೆ ಎಂಬ ವಿದ್ವಾಂಸರು 1885ರಲ್ಲಿ ಪ್ರಕಟಿಸಿದ್ದು ಅದು. ಆದರೆ ದ್ರಾಕ್ಷಿಯ ಬಳ್ಳಿ ಕೈಗೆ ಎಟಕುವುದು. ಅಡಿಕೆಯ ಗೊನೆಯೋ ಮರದ ನೆತ್ತಿಯಲ್ಲಿ. ಅಲ್ಲಿನ ತುಂತುರಿಗೆ ನಿಲ್ಲುವ ಲೇಪ ಇಲ್ಲಿನ ಆಷಾಢಕ್ಕೆ ನಿಂತೀತೆ? ಮಳೆಗೆ ತೊಳೆದುಹೋಗದಂತೆ ರಾಳ ಸೋಡಗಳ ಅಂಟನ್ನು ಬೆರೆಸಿ, ಮರವೇರಬಲ್ಲವರಿಂದ ಗೊನೆಗೆ ಸಿಂಪಡಿಸುವ ಕ್ರಮವನ್ನು ಅವರು ಬಳಕೆಗೆ ತಂದರು. ತುತ್ತವೂ ಸುಣ್ಣವೂ ಪೇಟೆಯಲ್ಲಿ ದೊರೆಯುವ ವಸ್ತುಗಳೇ. ಬೆಳೆಗಾರನು ತನ್ನ ಅಂಗಳದಲ್ಲಿಯೇ ಬೆರೆಸಿಕೊಳ್ಳಬಹುದಾಗಿತ್ತು.

ಕಷ್ಟವಿದ್ದುದು ಬೇರೆ ಕಡೆ. ಈ ಮದ್ದು ರೋಗವನ್ನು ತಡೆಯುವುದೇ ಹೊರತು ಕೊಳೆತ ಕಾಯನ್ನು ಉಳಿಸಲಾರದು. ಗೊನೆ ಹಸಿರಾಗಿ ನಗುತ್ತಿರುವಾಗಲೇ ರೈತನು ಹಣವನ್ನೂ ಆಳನ್ನೂ ಹೊಂದಿಸಬೇಕು. ಒಬ್ಬನು ಬಿಟ್ಟು ನೆರೆಯವನು ಬಿಡದಿದ್ದರೆ ರೋಗದ ಬೀಜ ಗಾಳಿಮಳೆಯಲ್ಲಿ ಬೇಲಿ ದಾಟಿ ಬರುವುದು. ವಿಜ್ಞಾನವನ್ನು ಒಪ್ಪಿಸುವುದಕ್ಕಿಂತ ಈ ಮುಂಗಡದ ಖರ್ಚನ್ನು ಒಪ್ಪಿಸುವುದೇ ಹೆಚ್ಚು ಕಠಿಣವೆಂಬುದು ತೋಟವುಳ್ಳವರಿಗೆ ತಿಳಿಯದ ಸಂಗತಿಯಲ್ಲ.

1913ರಲ್ಲಿ ಕೋಲ್ಮನ್ನರು ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾದರು. ಹೆಬ್ಬಾಳದ ಕೃಷಿ ಶಾಲೆ, 1925ರಲ್ಲಿ ತೊಡಗಿದ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ, ಮಂಡ್ಯದ ಸಕ್ಕರೆ ಕಾರ್ಖಾನೆ, ಎಲ್ಲದರಲ್ಲಿಯೂ ಅವರ ಶ್ರಮವಿದೆ. ಜೋಳವನ್ನು ತಿನ್ನುವ ಒಂದು ಮಿಡತೆಯ ಕುಲಕ್ಕೆ ಕೋಲ್ಮೇನಿಯ ಎಂದು ಅವರ ಹೆಸರನ್ನೇ ಇಟ್ಟಿದ್ದಾರೆ. ರೈತರ ಶತ್ರುವಿಗೆ ರೈತಮಿತ್ರನ ಹೆಸರು! 1934ರಲ್ಲಿ ನಿವೃತ್ತರಾದ ಅವರು 1954ರಲ್ಲಿ ಕಾಲವಾದರು.

ಅವರ ಸೇವಾಕಾಲದಲ್ಲಿ ಕಾಸರಗೋಡು ಮದರಾಸು ಪ್ರಾಂತಕ್ಕೆ ಸೇರಿತ್ತು. ಮೈಸೂರಿನ ಅಧಿಕಾರಿಗೆ ಇಲ್ಲಿ ಅಧಿಕಾರವಿರಲಿಲ್ಲ. ಆದರೂ ಇಂದು ನಮ್ಮ ತೋಟಗಳಲ್ಲಿ ನಡೆಯುವುದು ಅದೇ ತುತ್ತ ಸುಣ್ಣದ ಕ್ರಮ: 100 ಲೀಟರು ನೀರಿಗೆ ಒಂದೊಂದು ಕಿಲೋ, ಮೊದಲ ಮದ್ದು ಮಳೆ ಹಿಡಿಯುವ ಮುನ್ನ, ಎರಡನೆಯದು 40–45 ದಿನಗಳ ತರುವಾಯ, ಬಿಸಿಲು ಕಂಡಾಗ.